ಮರ ಹತ್ತುವುದು ಮೊದಲು, ಜಿಂಕೆ ಆಮೇಲೆ

ಮಿಷಿಗನ್‌ನಲ್ಲಿ ನವೆಂಬರ್ 15 ಬಂತೆಂದರೆ ಆಫೀಸಿನಲ್ಲಿ ಮೀಟಿಂಗ್ ಇಡುವವರಿಗೆ ಜನ ಸಿಗುವುದಿಲ್ಲ. ಬಂದೂಕಿನ ಜಿಂಕೆ ಬೇಟೆ ಅವತ್ತು ಶುರು, 30ಕ್ಕೆ ಮುಕ್ತಾಯ. ಕೆಲವು ಊರುಗಳಲ್ಲಿ ಶಾಲೆಗೂ ರಜೆ. ಪೆಟ್ರೋಲ್ ಹಾಕಿಸಲು ನಿಂತರೆ ಸುತ್ತಲೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿಗಳೇ. ಬಿಲ್ಲು ಹಿಡಿಯುವವರಿಗೆ ಇದಕ್ಕಿಂತ ಮೊದಲೇ, ಅಕ್ಟೋಬರ್ 1ರಿಂದಲೇ ಸೀಸನ್ ಶುರು. ಅಷ್ಟು ಹೊತ್ತಿಗೆ ಅವರಲ್ಲಿ ಅರ್ಧ ಜನ ಮರದ ಮೇಲಿರುತ್ತಾರೆ.

ಇತ್ತೀಚೆಗೆ ನಮ್ಮ ಕನ್ನಡದವರಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇದಕ್ಕೆ ಕೈ ಹಾಕುತ್ತಿದ್ದಾರೆ. ಆಫೀಸಿನ ಗೆಳೆಯರ ಜೊತೆ ಒಮ್ಮೆ ಹೋಗಿ ರುಚಿ ಹತ್ತಿಸಿಕೊಂಡವರೇ ಜಾಸ್ತಿ. ನಾನು ಕೆಲವು ವರ್ಷಗಳಿಂದ ಮರ ಹತ್ತಿ ಕೂರುತ್ತಿದ್ದೇನೆ ಅಂತ ಗೊತ್ತಿರುವುದರಿಂದ ಕನ್ನಡ ಕೂಟದ ಊಟದ ಸಾಲಿನಲ್ಲಿ ಹಿಡಿದು ಕೇಳುತ್ತಾರೆ. ಯಾವ ಬಿಲ್ಲು ತಗೊಳ್ಳಲಿ? ಬಾಣದ ಮೊನೆ ಯಾವುದು ಒಳ್ಳೆಯದು? ಜಿಂಕೆ ಎಷ್ಟು ಹೊತ್ತಿಗೆ ಬರುತ್ತೆ? ಕೆಳಗೆ ಹೇಗೆ ಇಳೀತೀರಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಬಿಲ್ಲಿನವರು ಮರದ ಮೇಲೆ ಕೂರುವುದು ಕ್ಲೈಂಬಿಂಗ್ ಸ್ಟ್ಯಾಂಡ್ ಅನ್ನುವ, ತಾನೇ ಮರ ಹತ್ತಿಸುವ ಕುರ್ಚಿಯಲ್ಲಿ. ಅದು ಮೊದಲು ಮರ ಹತ್ತುವ ಸಲಕರಣೆ. ಬೇಟೆಯ ಕುರ್ಚಿ ಅನ್ನುವುದು ಆಮೇಲೆ. ಮೊದಲ ಸೀಸನ್ನನ್ನು ಹತ್ತಿ ಇಳಿಯುವುದನ್ನು ಕಲಿಯಲು ಇಟ್ಟುಕೊಂಡುಬಿಡಿ. ಜಿಂಕೆ ಸಿಕ್ಕಿತೋ, ಅದು ಮೇಲಿನ ಲಾಭ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದೆಲ್ಲ ಅಮೆರಿಕದ ಕಥೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿ ಅನ್ನುವುದು ಅಪರಾಧ. ಮಲೆನಾಡಿನ ಹಳೇ ಮನೆಗಳ ಗೋಡೆ ಮೇಲಿರುವ ಕೊಂಬುಗಳೆಲ್ಲ ಅದಕ್ಕಿಂತ ಹಿಂದಿನವು ಅಂತ ನಂಬೋಣ. ಇಲ್ಲಿ ಲೆಕ್ಕವೇ ಬೇರೆ. ಬಿಳಿ ಬಾಲದ ಜಿಂಕೆ ಎಷ್ಟಿದೆಯೆಂದರೆ ಮಿಷಿಗನ್ ಒಂದರಲ್ಲೇ ಜಿಂಕೆಗೂ ಗಾಡಿಗೂ ಡಿಕ್ಕಿಯಾಗುವುದು ವರ್ಷಕ್ಕೆ 50,000 ಸಲಕ್ಕೂ ಹೆಚ್ಚು. ಸರ್ಕಾರವೇ ಲೈಸೆನ್ಸ್ ಕೊಟ್ಟು, ಯಾವಾಗ, ಎಷ್ಟು, ಯಾವ ಆಯುಧ ಅಂತ ಗೆರೆ ಹಾಕಿ ಬೇಟೆ ಆಡಿಸುತ್ತದೆ. 1960ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಪಾಸಾಗಿರಬೇಕು. ವೀಸಾದ ಮೇಲಿರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಎಚ್-1ಬಿ ಥರದ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಕೇಂದ್ರ ಕಾನೂನಿನ ತಡೆಯಿದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿಯೂ ಇದೆ. ಗೆಳೆಯರ ಮಾತು ನಂಬಿ ಹೊರಡಬೇಡಿ, ವಕೀಲರನ್ನು ಕೇಳಿ. ಬಿಲ್ಲಿಗೆ ಈ ತಲೆನೋವಿಲ್ಲ. ನಾನು ಬಿಲ್ಲಿನವನಾಗಿ ಉಳಿದಿದ್ದಕ್ಕೆ ಅದೂ ಒಂದು ಕಾರಣ.

ಈಗ ಸ್ಟ್ಯಾಂಡಿನ ವಿಷಯ. ಎರಡು ತುಂಡು. ಮೇಲಿನದರಲ್ಲಿ ಸೀಟು, ಕೆಳಗಿನದು ಕಾಲಿಡುವ ಹಲಗೆ. ಹಲಗೆ ಅಂದರೆ ಮರದ್ದಲ್ಲ, ಅಲ್ಯೂಮಿನಿಯಂ ಜಾಲರಿ. ಎರಡೂ ಸೇರಿ 20 ಪೌಂಡ್ ಆಸುಪಾಸು ತೂಕ, ಬೆನ್ನಿಗೆ ಹಾಕಿಕೊಂಡು ನಡೆಯಬಹುದು. ಎರಡಕ್ಕೂ ಒಂದೊಂದು ಕೇಬಲ್ ಇರುತ್ತದೆ, ಉಕ್ಕಿನ ತಂತಿ, ಮೇಲೆ ರಬ್ಬರಿನ ಹೊದಿಕೆ. ಅದನ್ನು ಮರದ ಹಿಂದಿನಿಂದ ಸುತ್ತಿ ತಂದು ಚೌಕಟ್ಟಿನ ತೂತಿಗೆ ತೂರಿಸಿ ಪಿನ್ ಹಾಕುತ್ತೇವೆ. ಮರದ ಮುಂಭಾಗಕ್ಕೆ ತಾಗುವ ಕಡೆ ವಿ ಆಕಾರದ ಪಟ್ಟಿ, ಅದಕ್ಕೆ ಗರಗಸದಂಥ ಹಲ್ಲು.

ಇದು ಮರವನ್ನು ಹಿಡಿಯುವ ರೀತಿ ಒಮ್ಮೆ ತಲೆಗೆ ಹೋದರೆ ಮುಕ್ಕಾಲು ಪಾಲು ಸಲಹೆಗಳು ತಾವಾಗಿಯೇ ಅರ್ಥವಾಗುತ್ತವೆ. ನೀವು ಹಲಗೆಯ ಮೇಲೆ ನಿಂತಾಗ ನಿಮ್ಮ ಭಾರ ಹೊರಗಿನ ಅಂಚನ್ನು ಕೆಳಕ್ಕೆ ಒತ್ತುತ್ತದೆ. ಆಗ ಹಿಂದಿನ ಕೇಬಲ್ ಬಿಗಿಯಾಗಿ ಮರವನ್ನು ಮುಂದಕ್ಕೆ ಎಳೆಯುತ್ತದೆ, ಮುಂದಿನ ಹಲ್ಲುಗಳು ತೊಗಟೆಗೆ ಕಚ್ಚಿಕೊಳ್ಳುತ್ತವೆ. ಭಾರ ಜಾಸ್ತಿಯಾದಷ್ಟೂ ಹಿಡಿತ ಗಟ್ಟಿ. ಹೊರ ಅಂಚನ್ನು ಸ್ವಲ್ಪ ಮೇಲೆತ್ತಿದಿರೋ, ಹಿಡಿತ ಬಿಟ್ಟು ಇಡೀ ಚೌಕಟ್ಟು ಸಡಿಲವಾಗಿ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಹತ್ತುವುದು ಇದೇ ಉಪಾಯದಿಂದ. ಮರಕ್ಕೆ ಮುಖ ಮಾಡಿ ಮೇಲಿನ ತುಂಡಿನ ಮೇಲೆ ಭಾರ ಬಿಟ್ಟು ಕೂರುವುದು, ಹಲಗೆಯ ಮೇಲಿನ ಪಾದದ ಪಟ್ಟಿಗೆ ಸಿಕ್ಕಿಸಿದ ಪಾದಗಳಿಂದ ಕೆಳಗಿನದನ್ನು ಮೇಲೆತ್ತಿಕೊಳ್ಳುವುದು, ಒತ್ತಿ ಕಚ್ಚಿಸುವುದು, ಅದರ ಮೇಲೆ ಎದ್ದು ನಿಲ್ಲುವುದು, ಮೇಲಿನದನ್ನು ಇನ್ನಷ್ಟು ಮೇಲಕ್ಕೆ ಸರಿಸುವುದು, ಮತ್ತೆ ಕೂರುವುದು. ಕಂಬಳಿಹುಳ ಕಡ್ಡಿ ಹತ್ತುವುದನ್ನು ನೋಡಿದ್ದೀರಲ್ಲ, ಹಾಗೇ.

ಕರಾವಳಿಯವರಿಗೆ ಇದರಲ್ಲಿ ದೊಡ್ಡ ಆಶ್ಚರ್ಯವೇನೂ ಇಲ್ಲ. ತೆಂಗಿನ ಮರ ಹತ್ತುವ ಯಂತ್ರ ಕೆಲಸ ಮಾಡುವುದೂ ಹೀಗೇ, ಎರಡು ತುಂಡು, ಎರಡು ಕೇಬಲ್. ಅದರಲ್ಲಿ ಎಡಗಾಲಿಗೊಂದು ಬಲಗಾಲಿಗೊಂದು, ಇದರಲ್ಲಿ ಮೇಲೊಂದು ಕೆಳಗೊಂದು. ನಮ್ಮಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅವಳು ಕೇಳಿದ್ದು, "ಮರ ಹತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?"

ಈ ಹಿಡಿತದಲ್ಲೇ ಅಪಾಯವೂ ಇದೆ. ಭಾರ ಇದ್ದರೆ ಮಾತ್ರ ಹಿಡಿತ. ನೀವು ಸೀಟಿನ ಮೇಲೆ ಕೂತು ಕಾಲು ಎತ್ತಿದ ಕ್ಷಣ ಕೆಳಗಿನ ಹಲಗೆಗೆ ಯಾವ ಕಟ್ಟುಪಾಡೂ ಇಲ್ಲ. ಪಾದ ಪಟ್ಟಿಯಿಂದ ಜಾರಿದರೆ ಅದು ಕಳಚಿಕೊಂಡು ಸರ್ರನೆ ಕೆಳಗಿಳಿಯುತ್ತದೆ. ಆಮೇಲೆ ನೀವು ಮೇಲೆ, ಹಲಗೆ ಬುಡದಲ್ಲಿ. ಅದಕ್ಕೇ ಎರಡು ತುಂಡನ್ನೂ ಸೇರಿಸುವ ಹಗ್ಗವೊಂದನ್ನು ಸ್ಟ್ಯಾಂಡಿನ ಜೊತೆಗೇ ಕೊಡುತ್ತಾರೆ. ಜುಜುಬಿ ಹಗ್ಗ, ಬೆರಳು ದಪ್ಪವೂ ಇರುವುದಿಲ್ಲ. ಹೊಸಬರು ಡಬ್ಬಿಯಲ್ಲೇ ಬಿಟ್ಟು ಬರುವ ವಸ್ತು ಅದೇ. ಅದಿಲ್ಲದೆ ನೆಲ ಬಿಡಬೇಡಿ.

ಇದನ್ನೆಲ್ಲ ನನಗೆ ಕಲಿಸಿದ್ದು ಪಕ್ಕದ ಬೀದಿಯ ಒಬ್ಬ ಅಜ್ಜ. ಕರೆಂಟ್ ಕಂಪನಿಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಜೀವಮಾನವೆಲ್ಲ ಕಂಬ ಹತ್ತಿದವನಿಗೆ ಹತ್ತುವುದರಲ್ಲಿ ಶೌರ್ಯವೇನೂ ಕಾಣುವುದಿಲ್ಲ. ಮೊದಲ ದಿನ ನನ್ನನ್ನು ಕಾಡಿಗೆ ಕರೆದುಕೊಂಡೇ ಹೋಗಲಿಲ್ಲ. ತನ್ನ ಹಿತ್ತಲಿನ ಮೇಪಲ್ ಮರಕ್ಕೆ ಸ್ಟ್ಯಾಂಡ್ ಕಟ್ಟಿಸಿ, ಎರಡಡಿ ಎತ್ತರಕ್ಕೆ ಹತ್ತು, ಇಳಿ ಅಂದ. ಮಧ್ಯಾಹ್ನವೆಲ್ಲ ಅದೇ ಆಯ್ತು. ಆಮೇಲೆ ಬೇಟೆಗೆ ಹಾಕುವ ದಪ್ಪ ಜಾಕೆಟ್ಟು, ಬೂಟು, ಕೈಗವಸು ಹಾಕಿಕೊಂಡು ಬಾ ಅಂದ. ಸೆಪ್ಟೆಂಬರ್ ಬಿಸಿಲಲ್ಲಿ ಬೆವರು ಸುರಿಯಿತು. ಆದರೆ ಬೂಟು ದಪ್ಪವಾದರೆ ಪಟ್ಟಿಗೆ ಪಾದ ಹೋಗುವುದೇ ಇಲ್ಲ, ಕೈಗವಸು ಹಾಕಿದರೆ ಪಿನ್ ಕೂತಿದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ ಅನ್ನುವುದೆಲ್ಲ ಅಲ್ಲೇ ತಿಳಿಯಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಕೇಬಲ್ ಹಾಕಿ ತೆಗೆಯಲು ಹೇಳಿದ. ನಿಜವಾದ ಕೆಲಸ ನಡೆಯುವುದು ಬೆಳಗಿನ ಜಾವದ ಕತ್ತಲಲ್ಲಿ, ಸಂಜೆಯ ಕತ್ತಲಲ್ಲಿ. ಯಾರಾದರೂ ಒಂದೇ ಸಲಹೆ ಕೊಡಿ ಅಂದರೆ ನಾನು ಕೊಡುವುದು ಇದನ್ನೇ: ಎರಡಡಿ ಎತ್ತರದಲ್ಲಿ ಬೇಸರ ಬರುವಷ್ಟು ಸಲ ಹತ್ತಿ ಇಳಿಯಿರಿ.

ಅವನು ಕಲಿಸಿದ ಇನ್ನೊಂದು ಸೂಕ್ಷ್ಮ ಹಲಗೆಯ ಓರೆ. ಮರ ಮೇಲೆ ಹೋದಂತೆ ಸಣ್ಣದಾಗುತ್ತದೆ. ಕೇಬಲ್ಲಿನ ಉದ್ದ ಮಾತ್ರ ನೀವು ಬುಡದಲ್ಲಿ ಪಿನ್ ಹಾಕಿದಷ್ಟೇ ಇರುತ್ತದೆ. ಹಾಗಾಗಿ ಬುಡದಲ್ಲಿ ಹಲಗೆಯನ್ನು ಸಮವಾಗಿ ಕಟ್ಟಿಕೊಂಡು ಹೊರಟರೆ 15 ಅಡಿಯಲ್ಲಿ ಅದರ ಹೊರ ಅಂಚು ಕೆಳಕ್ಕೆ ಜೋತುಬಿದ್ದಿರುತ್ತದೆ. ಜಾರುಬಂಡೆಯ ಮೇಲೆ ಕೂತ ಅನುಭವ, ಅದೂ ಮಂಜು ಬಿದ್ದಿದ್ದರೆ ಕೇಳುವುದೇ ಬೇಡ. ಬುಡದಲ್ಲೇ ಹೊರ ಅಂಚು ಕೆಲವು ಇಂಚು ಮೇಲಕ್ಕೆ ಎದ್ದಿರುವಂತೆ ಕಟ್ಟಬೇಕು. ನೋಡಲು ತಪ್ಪು ಅನ್ನಿಸುತ್ತೆ, ಮೇಲೆ ಹೋದಾಗ ಸರಿಯಾಗುತ್ತದೆ. ಎಷ್ಟು ಎತ್ತಬೇಕು ಅನ್ನುವುದು ಮರದ ಮೇಲೆ ಹೋಗುತ್ತದೆ. ಬೇಗ ಸಣ್ಣಗಾಗುವ ಮರಕ್ಕೆ ಜಾಸ್ತಿ, ಕಂಬದಂತೆ ನೇರವಾಗಿ ಹೋದ ಮರಕ್ಕೆ ಕಡಿಮೆ. ಮೇಲೆ ಹೋದ ಮೇಲೆ ಪಿನ್ ಬಿಚ್ಚಿ ಸರಿಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಓರೆ ತಪ್ಪಿತು ಅನ್ನಿಸಿದರೆ ಇಳಿದು ಬಂದು ಮತ್ತೆ ಕಟ್ಟಿ.

ಮರದ ಆಯ್ಕೆಯಲ್ಲಿ ಹೊಸಬರು ಜಿಂಕೆ ದಾರಿ ನೋಡುತ್ತಾರೆ, ಹಿಕ್ಕೆ ನೋಡುತ್ತಾರೆ, ಗಂಡು ಜಿಂಕೆ ಕೊಂಬು ಉಜ್ಜಿದ ಗುರುತು ನೋಡುತ್ತಾರೆ, ಅಲ್ಲೇ ಪಕ್ಕದ ಮರಕ್ಕೆ ಸ್ಟ್ಯಾಂಡ್ ಕಟ್ಟುತ್ತಾರೆ. ಆ ಮರಕ್ಕೆ ಅದು ಇಷ್ಟವಿದೆಯೋ ಕೇಳುವುದಿಲ್ಲ. ಕ್ಲೈಂಬಿಂಗ್ ಸ್ಟ್ಯಾಂಡಿಗೆ ಬೇಕಾದ ಮರ ನೆಟ್ಟಗಿರಬೇಕು, ನಿಮ್ಮ ಎತ್ತರದವರೆಗೆ ಕೊಂಬೆ ಇರಬಾರದು, ದಪ್ಪ ಸುಮಾರು 8ರಿಂದ 20 ಇಂಚಿನ ಒಳಗಿರಬೇಕು, ಜೀವಂತವಾಗಿರಬೇಕು, ತೊಗಟೆ ಹಲ್ಲಿಗೆ ಸಿಗುವಂತಿರಬೇಕು. ಮಿಷಿಗನ್‌ನಲ್ಲಿ ಸಾಲಾಗಿ ನೆಟ್ಟ ಕೆಂಪು ಪೈನ್ ತೋಪುಗಳು ಇದಕ್ಕೆಂದೇ ಬೆಳೆದಂತಿವೆ. ಆಸ್ಪೆನ್ ಪರವಾಗಿಲ್ಲ, ಓಕ್ ಚೆನ್ನ, ಆದರೆ ಓಕ್‌ನಲ್ಲಿ ಕೊಂಬೆಯಿಲ್ಲದ್ದು ಹುಡುಕಬೇಕು. ಶ್ಯಾಗ್‌ಬಾರ್ಕ್ ಹಿಕ್ಕರಿ ಅಂತೊಂದು ಮರವಿದೆ, ತೊಗಟೆ ಉದ್ದುದ್ದ ಸಿಪ್ಪೆಯಾಗಿ ಎದ್ದಿರುತ್ತದೆ. ಹಲ್ಲು ಕಚ್ಚುವುದು ಸಿಪ್ಪೆಗೆ, ಮರಕ್ಕಲ್ಲ. ದೂರ ಇರಿ. ಬೀಚ್ ಮರ ಇದರ ತದ್ವಿರುದ್ಧ, ತೊಗಟೆ ನುಣ್ಣಗೆ. ಒಣಗಿದ್ದಾಗಲೇ ಅನುಮಾನ, ಒದ್ದೆಯಾದರೆ ಮುಗೀತು.

ಆಶ್ ಮರದ್ದು ಬೇರೆಯೇ ಕಥೆ. ಏಷ್ಯಾದಿಂದ ಬಂದ ಹಸಿರು ಬಣ್ಣದ ಒಂದು ದುಂಬಿ 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಪತ್ತೆಯಾಯಿತು. ಅದರ ಮರಿಹುಳ ತೊಗಟೆಯ ಅಡಿಯಲ್ಲಿ ಸುರಂಗ ಕೊರೆದು ಮರಕ್ಕೆ ಆಹಾರ ಹೋಗುವ ದಾರಿಯನ್ನೇ ಕತ್ತರಿಸುತ್ತದೆ. ಅಲ್ಲಿಂದ ಈಚೆಗೆ ಕೋಟಿಗಟ್ಟಲೆ ಆಶ್ ಮರಗಳು ಸತ್ತಿವೆ. ಸತ್ತರೂ ಎಷ್ಟೋ ಮರ ನೆಟ್ಟಗೆ ನಿಂತೇ ಇರುತ್ತವೆ. ನವೆಂಬರಿನಲ್ಲಿ ಎಲ್ಲ ಮರವೂ ಬೋಳು, ಸತ್ತದ್ದು ಯಾವುದು ಬದುಕಿದ್ದು ಯಾವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಮರ ಆರಿಸುವ ಕೆಲಸ ಎಲೆ ಇರುವಾಗಲೇ, ಆಗಸ್ಟ್ ಸೆಪ್ಟೆಂಬರಿನಲ್ಲೇ ಮುಗಿಸಿ. ನೆತ್ತಿಯಲ್ಲಿ ಎಲೆ ನೋಡಿ. ಬುಡದ ಸುತ್ತ ಒಂದು ಸುತ್ತು ಬನ್ನಿ, ಅಣಬೆ ಎದ್ದಿದೆಯಾ, ಪೊಟರೆ ಇದೆಯಾ ನೋಡಿ. ತಲೆ ಎತ್ತಿ ಪಕ್ಕದ ಮರವನ್ನೂ ನೋಡಿ, ಅದರ ಒಣಕೊಂಬೆ ನಿಮ್ಮ ತಲೆ ಮೇಲೆಯೇ ನೇತಾಡುತ್ತಿರಬಹುದು.

ಒಳ್ಳೆಯ ಮರ ಜಿಂಕೆ ದಾರಿಯಿಂದ 20 ಗಜ ದೂರ ಇದ್ದರೆ ಏನೂ ಮುಳುಗುವುದಿಲ್ಲ, ಇನ್ನೂ ಅನುಕೂಲವೇ. ಜಿಂಕೆ ನಿಮ್ಮ ಕಾಲ ಕೆಳಗೇ ಬಂದು ನಿಂತರೆ ಬಾಣ ಬಿಡುವುದು ಕಷ್ಟ. 20 ಅಡಿ ಎತ್ತರದಿಂದ 20 ಗಜ ದೂರದ ಜಿಂಕೆಗೆ ಓರೆಯಾಗಿ ಅಳೆದರೂ 21 ಗಜ, ವ್ಯತ್ಯಾಸ ಏನೂ ಇಲ್ಲ. ಅದೇ ಜಿಂಕೆ 5 ಗಜದಲ್ಲಿದ್ದರೆ ನೀವು ಐವತ್ತು ಡಿಗ್ರಿಗೂ ಹೆಚ್ಚು ಕೆಳಮುಖವಾಗಿ ಹೊಡೆಯಬೇಕು. ಮೇಲಿನಿಂದ ಬೆನ್ನು ಕಾಣುತ್ತದೆ, ಎರಡೂ ಶ್ವಾಸಕೋಶಕ್ಕೆ ತಾಗುವ ದಾರಿ ಸಣ್ಣದಾಗುತ್ತದೆ. ಒಂದಕ್ಕೇ ತಾಗಿದರೆ ಪಾಪದ ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲೋ ನರಳುತ್ತದೆ. ಎತ್ತರ ಹೋದಷ್ಟೂ ಜಿಂಕೆಗೆ ಕಾಣುವುದಿಲ್ಲ ಅಂತ 30 ಅಡಿ ಹತ್ತುವ ಶೂರರಿದ್ದಾರೆ. ಮೊದಲ ವರ್ಷ 15 ಅಡಿ ಧಾರಾಳವಾಯ್ತು. ಅಷ್ಟೆತ್ತರಕ್ಕೇ ನಿಮ್ಮ ಮೊಣಕಾಲು ಏನನ್ನುತ್ತೆ ನೋಡಿ.

ಇನ್ನು ಹಾರ್ನೆಸ್, ಬಿದ್ದರೆ ಹಿಡಿದುಕೊಳ್ಳಲಿ ಅಂತ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು. ಇದರಲ್ಲಿ ಚರ್ಚೆ ಇಲ್ಲ. ಎದೆಗೆ ಮಾತ್ರ ಕಟ್ಟುವ ಬೆಲ್ಟು, ಸೊಂಟಕ್ಕೆ ಕಟ್ಟುವ ಬೆಲ್ಟು ಹಳೇ ಕಾಲದವು. ಬಿದ್ದಾಗ ಅವೇ ಎದೆ ಬಿಗಿದು ಉಸಿರು ಕಟ್ಟಿಸುತ್ತವೆ. ಭುಜ, ಎದೆ, ಎರಡೂ ತೊಡೆಗೆ ಬರುವ ಪೂರ್ತಿ ಹಾರ್ನೆಸ್ಸೇ ಬೇಕು. ಸ್ಟ್ಯಾಂಡ್ ತಯಾರಕರ ಸಂಘದ ಪ್ರಮಾಣಪತ್ರ ಇರುವ ಸ್ಟ್ಯಾಂಡ್ ಹೊಸದಾಗಿ ಕೊಂಡರೆ ಡಬ್ಬಿಯಲ್ಲೇ ಒಂದು ಬರುತ್ತದೆ. ಬೆನ್ನ ಹಿಂದೆ ಅದರ ಕೊಂಡಿ. ಮರಕ್ಕೆ ಸುತ್ತಿದ ಹಗ್ಗಕ್ಕೆ ಆ ಕೊಂಡಿಯನ್ನು ಕ್ಯಾರಬೀನರ್, ಅಂದರೆ ಬಾಯಿ ಮುಚ್ಚಿಕೊಳ್ಳುವ ಲೋಹದ ಕೊಕ್ಕೆ, ಹಾಕಿ ಸೇರಿಸುವುದು.

ಯಾವಾಗ ಸೇರಿಸುವುದು? ಇಲ್ಲೇ ಎಲ್ಲರೂ ಎಡವುವುದು. ಮೇಲೆ ಹೋಗಿ ಕೂತ ಮೇಲೆ ಹಾಕಿಕೊಂಡರೆ ಆಯ್ತು ಅಂದುಕೊಳ್ಳುತ್ತಾರೆ. ಬೀಳುವವರು ಹೆಚ್ಚಾಗಿ ಬೀಳುವುದು ಕೂತಾಗಲ್ಲ. ಹತ್ತುವಾಗ, ಇಳಿಯುವಾಗ, ಮರಕ್ಕೆ ಮುಖ ಮಾಡಿದ್ದವರು ತಿರುಗಿ ಬೆನ್ನು ಮಾಡಿ ಕೂರುವಾಗ. ಹಾಗಾಗಿ ನೆಲದ ಮೇಲೆ ನಿಂತಿರುವಾಗಲೇ ಹಗ್ಗ ಮರಕ್ಕೆ ಸುತ್ತಿ, ಕೊಂಡಿ ಹಾಕಿ. ಪ್ರತಿ ಹೆಜ್ಜೆಗೂ ಮೊದಲು ಹಗ್ಗವನ್ನು ತಲೆಗಿಂತ ಮೇಲಕ್ಕೆ ಸರಿಸಿ, ಆಮೇಲೆ ಸ್ಟ್ಯಾಂಡ್ ಸರಿಸಿ. ಬೇಜಾರಿನ ಕೆಲಸ, ನಿಜ. ಹತ್ತಲು ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಅದಕ್ಕೆ ತಕ್ಕ ಹಾಗೆ ಮನೆ ಬಿಡಿ. ಮೇಲೆ ಕೂತಾಗ ಕೊಂಡಿಯ ಪಟ್ಟಿ ಸಡಿಲ ಜೋತಾಡಬಾರದು. ಸಡಿಲ ಇದ್ದಷ್ಟೂ ಬಿದ್ದಾಗ ಜಗ್ಗುವ ಏಟು ಜಾಸ್ತಿ.

ಹಾರ್ನೆಸ್ ಇದ್ದೂ ಬಿದ್ದರೆ ನೇತಾಡುತ್ತೀರಿ. ಅಲ್ಲಿಗೆ ಗೆದ್ದೆವು ಅಂತಲ್ಲ. ತೊಡೆಯ ಪಟ್ಟಿ ಬಿಗಿದುಕೊಂಡು ರಕ್ತ ಕಾಲಲ್ಲೇ ನಿಲ್ಲತೊಡಗುತ್ತದೆ. ಅಲುಗಾಡದೆ ನೇತಾಡಿದರೆ ಕೆಲವೇ ನಿಮಿಷದಲ್ಲಿ ತಲೆ ಸುತ್ತಬಹುದು, ಪ್ರಜ್ಞೆಯೂ ತಪ್ಪಬಹುದು. ಹಾರ್ನೆಸ್ ಜೊತೆ ಬರುವ ಚಿಕ್ಕ ಪಟ್ಟಿಯೊಂದಿದೆ, ಅದನ್ನು ಕುಣಿಕೆ ಮಾಡಿ ಪಾದ ಇಟ್ಟು ಎದ್ದು ನಿಂತರೆ ತೊಡೆಯ ಭಾರ ಇಳಿಯುತ್ತದೆ. ಅದು ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಕೈಗೆಟಕುವ ಜೇಬಿನಲ್ಲಿರಲಿ. ಫೋನೂ ಅಷ್ಟೇ. ಮೈಮೇಲೆ ಇರಬೇಕು, ಕೊಕ್ಕೆಗೆ ನೇತುಹಾಕಿದ ಚೀಲದಲ್ಲಲ್ಲ. ಆ ಅಜ್ಜ ನನ್ನನ್ನು ಅರ್ಧ ಅಡಿ ಎತ್ತರದಲ್ಲಿ, ತಾನು ಪಕ್ಕದಲ್ಲೇ ನಿಂತು, ನೇತಾಡಿಸಿ ನೋಡಿದ. ಆ ಒಂದು ನಿಮಿಷದಲ್ಲಿ ತೊಡೆಯ ಪಟ್ಟಿ ಎಷ್ಟು ಕೊಯ್ಯುತ್ತದೆ, ಹಿಂದೆ ಕೈ ಹಾಕಿ ಮರ ಹಿಡಿಯಲು ಎಷ್ಟು ಒದ್ದಾಡಬೇಕು ಎಲ್ಲ ಗೊತ್ತಾಯಿತು. ಒಬ್ಬರೇ ಇರುವಾಗ ಇದನ್ನು ಮಾಡಿ ನೋಡಬೇಡಿ.

ಒಬ್ಬರೇ ಇರುವುದು ಅನ್ನುವ ಮಾತು ಬಂತು. ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ಕೊಯ್ಲಿನ ಕಾಲದಲ್ಲಿ ಗೊನೆ ಕೊಯ್ಯುವ ಕೊನೆಗೌಡ ಕಾಲಿಗೆ ತಳೆ ಹಾಕಿ ಮರದಿಂದ ಮರಕ್ಕೆ ದಾಟುವುದನ್ನು ಬಾಯಿ ಬಿಟ್ಟು ನೋಡುತ್ತಾ ಬೆಳೆದವನು. ಅವನ ಧೈರ್ಯ ನಮಗೆ ದೊಡ್ಡದಾಗಿ ಕಾಣುತ್ತಿತ್ತು. ಕೆಳಗೆ ಹಗ್ಗ ಹಿಡಿದು ನಿಂತವನು, ಬಿದ್ದ ಅಡಿಕೆ ಹೆಕ್ಕುವವರು, ಕಾಫಿ ತಂದ ಅತ್ತಿಗೆ, ಇವರೆಲ್ಲ ಅಲ್ಲೇ ಇದ್ದರು ಅನ್ನುವುದು ಆಗ ಹೊಳೆದಿರಲಿಲ್ಲ. ಮರ ಹತ್ತುವವನು ಕೂಗಿದರೆ ಓ ಅನ್ನಲು ನಾಲ್ಕು ಜನ. ಇಲ್ಲಿ ಬೇಟೆಗಾರ ಬೇಕಂತಲೇ ಯಾರೂ ಇಲ್ಲದ ಜಾಗ ಹುಡುಕಿ ಹೋಗುತ್ತಾನೆ. ಯಾವ ಕಾಡು, ಯಾವ ಗೇಟು, ಯಾವ ಮರ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಫೋನಿನಲ್ಲಿ ಜಾಗದ ಗುರುತು ಕಳಿಸಿ. ನನ್ನ ಹೆಂಡತಿ ಬೇಟೆಯ ವಿಷಯವೇ ಮಾತಾಡುವುದಿಲ್ಲ, ಮಾಂಸವನ್ನೂ ಮುಟ್ಟುವುದಿಲ್ಲ. ಆದರೆ ಸಂಜೆ ಹೇಳಿದ ಹೊತ್ತು ಹತ್ತು ನಿಮಿಷ ದಾಟಿದರೆ ಫೋನ್ ಬರುತ್ತದೆ. ಅದು ನನ್ನ ಹಾರ್ನೆಸ್ಸಿನಷ್ಟೇ ಮುಖ್ಯ ಅಂತ ಅವಳಿಗೂ ಹೇಳಿದ್ದೇನೆ.

ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಡಿ. ನೆಲದ ಮೇಲೆ ಬಿಟ್ಟು, ಹಗ್ಗ ಕಟ್ಟಿ, ಮೇಲೆ ಕೂತು ಹಾರ್ನೆಸ್ ಎಲ್ಲ ಸರಿಯಾದ ಮೇಲೆ ಎಳೆದುಕೊಳ್ಳಿ. ಬಾಣಗಳು ಬತ್ತಳಿಕೆಯಲ್ಲಿ, ಮೊನೆಗೆ ಮುಚ್ಚಳ ಇರಲೇಬೇಕು. ಬ್ಲೇಡಿನಂಥ ಮೊನೆ ಅದು, ಕೈಜಾರಿ ಬಿದ್ದವರಿಗೆ ಬೀಳುವುದಕ್ಕಿಂತ ಅದರಿಂದಲೇ ಜಾಸ್ತಿ ಪೆಟ್ಟಾಗಬಹುದು. ಬಂದೂಕಾದರೆ ಗುಂಡು ಪೂರ್ತಿ ತೆಗೆದಿರಬೇಕು, ನಳಿಗೆ ನಿಮ್ಮ ಕಡೆ ತಿರುಗಿರದೆ ಕೆಳಮುಖವಾಗಿರಬೇಕು, ಹಗ್ಗ ಟ್ರಿಗರಿನ ಹತ್ತಿರ ಸುಳಿಯಬಾರದು. ಇಳಿಯುವಾಗಲೂ ಅಷ್ಟೇ, ಮೊದಲು ಆಯುಧ ಇಳಿಸಿ, ಆಮೇಲೆ ನೀವು.

ಗಾಳಿ, ವಾಸನೆ ಇವುಗಳ ಬಗ್ಗೆ ಇಂಟರ್‌ನೆಟ್ ತುಂಬಾ ಪುರಾಣವಿದೆ. ನಾನು ಎರಡೇ ಮಾತು ಹೇಳಿ ಮುಗಿಸುತ್ತೇನೆ. ಜಿಂಕೆ ಬರುವ ಕಡೆಯಿಂದ ಗಾಳಿ ನಿಮ್ಮ ಮುಖಕ್ಕೆ ಬೀಸಬೇಕು. ಬಿಸಿಲೇರುವಾಗ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ, ಸಂಜೆ ತಂಪಾದಾಗ ತಗ್ಗಿಗೆ ಇಳಿಯುತ್ತದೆ. ಕಿತ್ತಳೆ ಬಣ್ಣ ಜಿಂಕೆಗೆ ನಮಗೆ ಕಂಡಂತೆ ಕಾಣುವುದಿಲ್ಲ, ಹಾಗಾಗಿ ಬಂದೂಕಿನ ಸೀಸನ್ನಿನಲ್ಲಿ ಕಡ್ಡಾಯವಾದ ಕಿತ್ತಳೆ ಬಟ್ಟೆಗೆ ಹೆದರಬೇಡಿ. ಅಲುಗಾಟ ಕಾಣುತ್ತದೆ, ಸದ್ದು ಕೇಳುತ್ತದೆ. ತಿಂಡಿಗೆ ಚಕ್ಕುಲಿ, ಕೋಡುಬಳೆ ತರಬೇಡಿ. ಮೆತ್ತಗಿನ ಚಪಾತಿ ಸುತ್ತಿಕೊಂಡು ಬನ್ನಿ.

ಚಳಿಯ ವಿಷಯವನ್ನು ಇಷ್ಟು ಬೇಗ ಮುಗಿಸಲಾಗದು, ಯಾಕೆಂದರೆ ಬೀಳುವುದಕ್ಕೂ ಚಳಿಗೂ ನೇರ ಸಂಬಂಧವಿದೆ. ನವೆಂಬರಿನ ಬೆಳಗ್ಗೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. 20 ಪೌಂಡ್ ಹೊತ್ತು ನಡೆದು, ಹತ್ತಿ, ಬೆವರಿ, ಆಮೇಲೆ ಅಲುಗಾಡದೆ ಕೂತರೆ ಆ ಬೆವರೇ ನಿಮ್ಮನ್ನು ಕೊರೆಯುತ್ತದೆ. ನಡೆಯುವಾಗ ತೆಳ್ಳನೆ ಬಟ್ಟೆ ಇರಲಿ, ದಪ್ಪದ್ದನ್ನು ಚೀಲದಲ್ಲಿಟ್ಟುಕೊಂಡು ಮೇಲೆ ಎಳೆದುಕೊಂಡು ಹಾಕಿಕೊಳ್ಳಿ. ಆದರೆ ಹಾರ್ನೆಸ್ ಬಿಚ್ಚದೆ ಹಾಕಿಕೊಳ್ಳಲು ಬರಬೇಕು. ಬೆನ್ನ ಹಿಂದೆ ಕೊಂಡಿ ಹೊರಬರಲು ಸೀಳು ಇರುವ ಜಾಕೆಟ್ಟುಗಳು ಸಿಗುತ್ತವೆ. ಮೂರು ಗಂಟೆ ಕೂತ ಮೇಲೆ ಕಾಲು ಮರಗಟ್ಟಿರುತ್ತದೆ, ಬೆರಳು ಮಾತು ಕೇಳುವುದಿಲ್ಲ. ಆ ಕಾಲಿನಲ್ಲಿ, ಆ ಬೆರಳಿನಲ್ಲಿ ಇಳಿಯಬೇಕು. ನಡುಕ ಶುರುವಾಯಿತೋ, ಜಿಂಕೆ ಬರಲಿ ಬಿಡಲಿ, ಇಳಿದುಬಿಡಿ. ತಣ್ಣನೆ ಮಳೆ ತೊಗಟೆಯ ಮೇಲೆ ಐಸ್ ಆಗುವ ಸೂಚನೆ ಕಂಡರೂ ಅಷ್ಟೇ. ನಿದ್ದೆ ತರಿಸುವ ಶೀತದ ಮಾತ್ರೆ ನುಂಗಿ ಮರ ಹತ್ತಬೇಡಿ. ಕುಡಿದು ಹತ್ತುವವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಈಗ ಯಾರೂ ಕೇಳದ ಪ್ರಶ್ನೆಗೆ ಬರೋಣ. ಮಿಷಿಗನ್‌ನಲ್ಲಿ ಬೇಟೆಯ ಹೊತ್ತು ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ. ಜಿಂಕೆ ಬರುವುದೂ ಆ ಕೊನೆಯ ಹೊತ್ತಿಗೇ. ಅಂದರೆ ಇಳಿಯುವುದು ಕತ್ತಲಲ್ಲಿ, ಅದೂ ಹೆಚ್ಚಾಗಿ ಎದೆ ಡವಡವ ಅನ್ನುವಾಗ. ಬಾಣ ಬಿಟ್ಟ ಮೇಲೆ ಕೈಕಾಲು ನಡುಗುತ್ತವೆ. ಎಷ್ಟು ವರ್ಷ ಆಡಿದವರಿಗೂ ನಡುಗುತ್ತವೆ. ತಾಗಿತಾ, ಎಲ್ಲಿ ಬಿತ್ತು, ಯಾವ ಪೊದೆ ಹತ್ತಿರ ಹೋಯ್ತು ಅಂತ ಮನಸ್ಸು ಆಗಲೇ ಕೆಳಗಿಳಿದು ಓಡುತ್ತಿರುತ್ತದೆ. ದೇಹ ಮಾತ್ರ ಮರದ ಮೇಲಿರುತ್ತದೆ. ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಅದೃಷ್ಟಕ್ಕೆ ಬಿಲ್ಲಿನ ಬೇಟೆಯಲ್ಲಿ ಹೇಗೂ ಅರ್ಧ ಗಂಟೆಯಾದರೂ ಕಾಯಬೇಕು. ಬೇಗ ಬೆನ್ನಟ್ಟಿದರೆ ಗಾಯಗೊಂಡ ಜಿಂಕೆ ಎದ್ದು ಇನ್ನೂ ದೂರ ಓಡುತ್ತದೆ. ಆ ಅರ್ಧ ಗಂಟೆಯನ್ನು ಮೇಲೆಯೇ ಕೂತು ಕಳೆಯಿರಿ. ನೀರು ಕುಡಿಯಿರಿ. ಜಿಂಕೆ ನಿಂತಿದ್ದ ಜಾಗ, ಓಡಿದ ದಿಕ್ಕು ಗುರುತು ಹಾಕಿಕೊಳ್ಳಿ. ಹೆಡ್‌ಲ್ಯಾಂಪ್ ಹಾಕಿ, ಬಿಲ್ಲು ಇಳಿಸಿ, ಎರಡೂ ಕೇಬಲ್ಲಿನ ಪಿನ್ ಮುಟ್ಟಿ ನೋಡಿ, ಆಮೇಲೆ ಮರಕ್ಕೆ ಮುಖ ಮಾಡಿ.

ಇಳಿಯುವಾಗ ಹೆಜ್ಜೆ ಹತ್ತುವಾಗಿನದಕ್ಕಿಂತ ಚಿಕ್ಕದಿರಲಿ. ಪ್ರತಿ ಹೆಜ್ಜೆಗೂ ಕೆಳಗಿನ ಹಲಗೆ ಕಚ್ಚಿದೆ ಅಂತ ಒತ್ತಿ ನೋಡಿ, ಆಮೇಲೆಯೇ ಅದರ ಮೇಲೆ ಪೂರ್ತಿ ಭಾರ ಬಿಡಿ. ಹಗ್ಗ ತಲೆಗಿಂತ ಮೇಲೇ ಇರಲಿ, ಆದರೆ ಕೈಗೆ ಸಿಗದಷ್ಟು ಮೇಲೆ ಬಿಟ್ಟು ಬರಬೇಡಿ. ನೆಲ ಹತ್ತಿರವಾದಾಗ ಮರ ಮತ್ತೆ ದಪ್ಪಗಾಗುತ್ತದೆ, ಕೇಬಲ್ ಬಿಗಿಯುತ್ತದೆ, ಸ್ಟ್ಯಾಂಡ್ ಸಿಕ್ಕಿಕೊಂಡಂತಾಗುತ್ತದೆ. ಇನ್ನು ಮೂರೇ ಅಡಿ ತಾನೇ ಅಂತ ಕೊಂಡಿ ಬಿಚ್ಚಿ ಹಾರುವ ಮನಸ್ಸಾಗುವುದು ಇಲ್ಲೇ. ಮೂರಡಿಯಿಂದ ಬಿದ್ದು ಕಣಕಾಲು ಮುರಿದುಕೊಂಡರೂ ಗಾಡಿ ನಿಲ್ಲಿಸಿದ ಜಾಗ ಅಷ್ಟೇ ದೂರ ಇರುತ್ತದೆ, ಅಲ್ವಾ? ಎರಡೂ ಬೂಟು ಮಣ್ಣಿಗೆ ತಾಗಿದ ಮೇಲೆ ಕೊಂಡಿ ಬಿಚ್ಚಿ.

ಕೊಳ್ಳುವವರಿಗೆ ಒಂದೆರಡು ಮಾತು. ಮುಂದೆ ಅಡ್ಡಪಟ್ಟಿ ಇರುವ ಸ್ಟ್ಯಾಂಡ್, ಇಲ್ಲದ ಸ್ಟ್ಯಾಂಡ್ ಅಂತ ಎರಡು ಥರ. ಬಿಲ್ಲು ಎಳೆಯಲು ಅಡ್ಡಪಟ್ಟಿ ಇಲ್ಲದ್ದೇ ಸಲೀಸು, ಆದರೆ ಹೊಸಬರಿಗೆ ಸುತ್ತಲೂ ಪಟ್ಟಿ ಇರುವುದೇ ಮನಸ್ಸಿಗೆ ನೆಮ್ಮದಿ. ತೂಕದ ಮಿತಿ ಸಾಮಾನ್ಯವಾಗಿ 300 ಪೌಂಡ್, ಅಂದರೆ ಸುಮಾರು 136 ಕಿಲೋ. ಅದು ನಿಮ್ಮ ತೂಕವೊಂದೇ ಅಲ್ಲ, ಬಟ್ಟೆ, ಬೂಟು, ಚೀಲ, ಬಿಲ್ಲು ಎಲ್ಲ ಸೇರಿ. ಸರ್ಕಾರಿ ಕಾಡಿನಲ್ಲಿ ಸ್ಟ್ಯಾಂಡಿನ ಮೇಲೆ ಅದು ಯಾರದ್ದು ಅನ್ನುವ ಗುರುತು ಬರೆದಿರಬೇಕು. ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವಂತಿಲ್ಲ. ಅಡ್ಡ ಬಂತು ಅಂತ ಕೊಂಬೆ ಕಡಿಯುವಂತಿಲ್ಲ. ಕ್ಲೈಂಬಿಂಗ್ ಸ್ಟ್ಯಾಂಡ್ ಅಲ್ಲಿ ಅಷ್ಟು ಬಳಕೆಯಲ್ಲಿರುವುದಕ್ಕೆ ಇದೂ ಕಾರಣ, ಬೆಳಗ್ಗೆ ತಂದು ಸಂಜೆ ಬಿಚ್ಚಿಕೊಂಡು ಹೋಗಬಹುದು.

ಹಳೇದು ಕಡಿಮೆಗೆ ಸಿಗುತ್ತೆ ಅಂತ ಗ್ಯಾರೇಜ್ ಸೇಲ್‌ನಲ್ಲಿ ಕೊಳ್ಳುವುದಾದರೆ ಕೇಬಲ್ಲಿನ ರಬ್ಬರ್ ಬಿರಿದಿದೆಯಾ, ತುದಿಯಲ್ಲಿ ತಂತಿ ಎಳೆ ಎದ್ದಿದೆಯಾ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದೆಯಾ ಬೆರಳಾಡಿಸಿ ನೋಡಿ. ಪಿನ್ನುಗಳು ಆ ಸ್ಟ್ಯಾಂಡಿನವೇ ಆಗಿರಬೇಕು, ಮನೆಯಲ್ಲಿ ಬಿದ್ದಿದ್ದ ಬೋಲ್ಟು ಆಗಿರಬಾರದು. ಹಾರ್ನೆಸ್ ಮಾತ್ರ ಹಳೇದು ಬೇಡವೇ ಬೇಡ. ಅದರ ಒಳಗಡೆ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತದೆ. ಸಾಮಾನ್ಯವಾಗಿ ಅಲ್ಲಿಂದ 5 ವರ್ಷ ಆಯಸ್ಸು. ಒಮ್ಮೆ ಬಿದ್ದು ಜಗ್ಗಿಸಿಕೊಂಡಿದ್ದರೆ ಅವತ್ತಿಗೇ ಮುಗಿಯಿತು, ನೋಡಲು ಎಷ್ಟು ಹೊಸದಾಗಿದ್ದರೂ. ಕಸದ ಡಬ್ಬಿಗೆ ಹಾಕುವಾಗ ಪಟ್ಟಿಗಳನ್ನು ಕತ್ತರಿಸಿ ಹಾಕಿ, ಚೆನ್ನಾಗಿದೆಯಲ್ಲ ಅಂತ ಇನ್ಯಾರೋ ಎತ್ತಿಕೊಂಡು ಹೋಗಿ ಕಟ್ಟಿಕೊಳ್ಳದ ಹಾಗೆ.